ಹಿಂದಿನ ಬೆಂಚಿಗೂ ಕೇಳುವ ದನಿ

೧೯೮೭ರ ಫೆಬ್ರವರಿ ೩, ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷ. ಸತ್ತು ಎರಡು ತಿಂಗಳಾಗಿದ್ದ ಮನುಷ್ಯ ಬಚ್ಚಲಿನೊಳಗಿಂದ ಕೂಗಿ ಕೇಳಿದ: “ಸೋಪು ಎಲ್ಲಿಟ್ಟಿದ್ದೀಯೇ?”

ಸೊಸೆಯ ಕೈಯಲ್ಲಿದ್ದ ಹಾಲಿನ ಪಾತ್ರೆ ಒಲೆಕಟ್ಟೆಗೆ ತಗುಲಿ ಅರ್ಧ ಹಾಲು ಚೆಲ್ಲಿತು. ಒಂದೇ ಕಾಲಿಗೆ ಕಾಲುಚೀಲ ಹಾಕಿಕೊಂಡಿದ್ದ ಪುಟ್ಟಿ ಅಡುಗೆಮನೆಗೆ ಓಡಿಬಂದು ಅಮ್ಮನ ಸೊಂಟ ಹಿಡಿದಳು.

“ಅಮ್ಮಾ, ತಾತ ಬಂದಿದಾರೆ.”

“ತಾತ ಅಲ್ಲ ಕಣೇ, ನಿಮ್ಮಪ್ಪ.” ಮಗಳಿಗೆ ಹೀಗೆ ಹೇಳಿ ಅವಳು ಬಚ್ಚಲ ಬಾಗಿಲು ಬಡಿದಳು. “ರೀ, ಏನ್ರೀ ಇದು? ಹೊತ್ತು ಗೊತ್ತು ಇಲ್ವಾ?”

ಬಾಗಿಲು ತೆರೆಯಿತು. ಆವಿಯ ನಡುವೆ ನಿಂತಿದ್ದವನು ಅವಳ ಗಂಡನೇ. ಈಗ ಮಾತು ಎಂದಿನಂತೆ ಗಂಟಲಲ್ಲೇ ಅರ್ಧ ಉಳಿದು ಹೊರಬಂತು. “ಡೈರೆಕ್ಟರ್ ಹೇಳಿದಾರೆ. ದಿನವೆಲ್ಲ ಅಪ್ಪನ ದನೀಲೇ ಮಾತಾಡಬೇಕಂತೆ. ಗಂಟಲು ಪಳಗಬೇಕಂತೆ.”

“ಚೆಲ್ಲಿದ ಹಾಲು ಡೈರೆಕ್ಟರ್ ತಂದ್ಕೊಡ್ತಾರಂತಾ?”

ಈ ಗದ್ದಲದ ಉದ್ದಕ್ಕೂ ಅಜ್ಜಿ ಊಟದ ಮೇಜಿನ ಮುಂದೆ ಕೂತು ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದಳು. ಗಂಡನ ದನಿ ಮನೆಯಲ್ಲಿ ಮೊಳಗಿದಾಗ ಅವಳು ತಲೆ ಎತ್ತಿಯೂ ನೋಡಲಿಲ್ಲ. ಎಂಥ ಗಟ್ಟಿ ಜೀವ ಎಂದುಕೊಂಡಳು ಸೊಸೆ.

ಸತ್ತವನನ್ನು ಜನ ದೊರೆ ಎಂದು ಕರೆಯುತ್ತಿದ್ದರು. ಹದಿನಾರನೆಯ ವಯಸ್ಸಿಗೆ ಒಂದು ಅಲೆಮಾರಿ ನಾಟಕ ಕಂಪನಿ ಸೇರಿ, ನಾಲ್ಕು ವರ್ಷ ಪರದೆಯ ಹಿಂದೆ ನಿಂತು ಹಾಡಿದವನು. ಮುಂದೆ ನಿಂತು ಬಾಯಾಡಿಸುತ್ತಿದ್ದ ನಾಯಕನಿಗೆ ರೂಪವಿತ್ತು, ಶ್ರುತಿ ಇರಲಿಲ್ಲ. ಒಂದು ದಿನ ಆ ನಾಯಕನಿಗೆ ಜ್ವರ ಬಂತು. ರಾಜನ ಕಿರೀಟ ಇವನ ತಲೆಗೆ ಸ್ವಲ್ಪ ದೊಡ್ಡದಾಗಿತ್ತಂತೆ, ಒಳಗೆ ಟವೆಲ್ ತುರುಕಿ ರಂಗಕ್ಕೆ ಕಳಿಸಿದರಂತೆ. ದೊರೆ ಎಂಬ ಹೆಸರು ಆ ದಿನ ಅಂಟಿದ್ದು. ಆಮೇಲೆ ಸಿನಿಮಾ. ಮೂವತ್ತು ವರ್ಷ ಅವನೇ ಹಾಡಿದ, ಅವನೇ ನಟಿಸಿದ. ಅವನ ದೋಣಿಯ ಹಾಡು ಕೇಳಿ ಮಲಗಿದ ಮಕ್ಕಳು ದೊಡ್ಡವರಾಗಿ ತಮ್ಮ ಮಕ್ಕಳನ್ನು ಅದೇ ಹಾಡಿನಿಂದ ಮಲಗಿಸಿದರು. ಕೂದಲು ನರೆತ ಮೇಲೆ ಹಾಡು ಕಡಿಮೆಯಾಗಿ, ಬೈಯುವ ಅಪ್ಪಂದಿರ ಪಾತ್ರ ಹೆಚ್ಚಾಯಿತು. ಅದರಲ್ಲೂ ಜನ ಅವನನ್ನು ಬಿಡಲಿಲ್ಲ.

ನಾಟಕದ ಕಾಲದ ಒಂದು ಅಭ್ಯಾಸ ಮಾತ್ರ ಕೊನೆಯವರೆಗೂ ಉಳಿದಿತ್ತು. ಮೈಕಿಲ್ಲದ ಡೇರೆಗಳಲ್ಲಿ ಹಿಂದಿನ ಬೆಂಚಿನವನಿಗೂ ಕೇಳಬೇಕೆಂದು ಒಂದೊಂದು ಅಕ್ಷರಕ್ಕೂ ಬಾಯಿ ಪೂರ್ತಿ ತೆರೆದು ಮಾತಾಡುತ್ತಿದ್ದ. ಮನೆಯಲ್ಲಿ ನೀರು ಕೇಳುವಾಗಲೂ ಹಾಗೇ.

ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ಕನ್ನಡಿಯ ಮುಂದೆ ಗಡ್ಡ ಕೆರೆಯುತ್ತಾ ನಿಂತವನು ಅಲ್ಲೇ ಕುಸಿದ. ಸೂಚನೆಯೇ ಕೊಡದೆ ಹೃದಯ ನಿಂತಿದೆ ಎಂದರು ವೈದ್ಯರು. ಅವನ ಕೊನೆಯ ಸಿನಿಮಾದ ಚಿತ್ರೀಕರಣ ಮುಗಿದು ಮೂರು ದಿನವಾಗಿತ್ತು. ಮಾತು ಮಾತ್ರ ಬಾಕಿ. ಸೆಟ್ಟಿನಲ್ಲಿ ಜನರೇಟರಿನ ಗದ್ದಲದ ನಡುವೆ ಹಿಡಿದ ದನಿ ಕೆಲಸಕ್ಕೆ ಬರುವುದಿಲ್ಲ. ನಟರು ಆಮೇಲೆ ಕತ್ತಲ ಕೋಣೆಯಲ್ಲಿ ನಿಂತು, ಪರದೆಯ ಮೇಲಿನ ತಮ್ಮದೇ ತುಟಿಗಳನ್ನು ನೋಡುತ್ತಾ ಎಲ್ಲವನ್ನೂ ಮತ್ತೆ ಹೇಳಬೇಕು. ಹಾಗೆ ಹೇಳಬೇಕಾದವನೇ ಇರಲಿಲ್ಲ.

ಆಗ ನಿರ್ದೇಶಕನಿಗೆ ನೆನಪಾದದ್ದು ದೊರೆಯ ಮಗ. ಲಿಫ್ಟ್ ರಿಪೇರಿಯವನು. ಟೆಲಿಫೋನ್ ಎತ್ತಿದರೆ ನಿರ್ಮಾಪಕರೆಲ್ಲ ಅವನನ್ನೇ ದೊರೆ ಎಂದುಕೊಂಡು ಕಥೆ ಹೇಳತೊಡಗುತ್ತಿದ್ದರು. ಗಂಟಲು ಅಪ್ಪನದೇ. ಆದರೆ ಅವನ ಮಾತು ಅಂಗಿಯ ಕಾಲರಿನೊಳಗೇ ಬಿದ್ದುಹೋಗುತ್ತಿತ್ತು. ಮೊದಲಿಗೆ ಅವನು ಒಲ್ಲೆ ಎಂದ. ಒಪ್ಪಿಸಿದವಳು ಅಜ್ಜಿ.

“ಅವರ ಮುಖಕ್ಕೆ ಬೇರೆ ಯಾರದೋ ಮಾತು ಅಂಟಿಸ್ತಾರಂತೆ. ನೋಡ್ಕೊಂಡು ಸುಮ್ನಿರ್ತೀಯಾ?” ಎಂದು ಕೇಳಿದ್ದಳು.

ಹೀಗೆ ಬೆಳಿಗ್ಗೆ ಲಿಫ್ಟು, ಮಧ್ಯಾಹ್ನದ ಮೇಲೆ ಡಬ್ಬಿಂಗ್ ಕೋಣೆ ಎಂದಾಯಿತು. ಸಂಜೆ ಊಟದ ಮೇಜಿನಲ್ಲಿ ಮೂರನೆಯ ಕೆಲಸ ಶುರುವಾಯಿತು.

“ಏನಂದೆ?” ಎಂದಳು ಅಜ್ಜಿ.

“ಉಪ್ಪು ಅಂದೆ.”

“ಗೊಣಗಬೇಡ. ಅವರ ಹಾಗೆ ಮಾತಾಡು.”

ಮಗ ಹೆಂಡತಿಯ ಕಡೆ ಒಮ್ಮೆ ನೋಡಿ, ತಲೆ ಎತ್ತಿ, ಬಾಯಿ ತೆರೆದು ಹೇಳಿದ. “ಆಲೂಗಡ್ಡೆಗೆ ಉಪ್ಪು ಕಡಿಮೆಯಾಗಿದೆ.”

ಗಾಜಿನ ಲೋಟ ಸಣ್ಣಗೆ ಅದುರುವಂಥ ದನಿ. ಅಜ್ಜಿಯ ಮುಖ ಅರಳಿತು. ಉಪ್ಪಿನ ಡಬ್ಬಿ ಮಗನ ಕಡೆ ಸರಿಯಿತು.

“ನೋಡು, ಎಷ್ಟು ಚೆನ್ನಾಗಿ ಹೇಳಿದೆ. ಇಲ್ಲಿ ಬಾ, ಈ ಕುರ್ಚೀಲಿ ಕೂತ್ಕೋ. ಕಿಟಕಿ ಕಡೆ ಮುಖ ಮಾಡು.”

ಅದು ದೊರೆಯ ಕುರ್ಚಿ. ಎರಡು ತಿಂಗಳಿಂದ ಯಾರೂ ಅದರಲ್ಲಿ ಕೂತಿರಲಿಲ್ಲ. ಮಗ ಎದ್ದು ಹೋಗಿ ಕೂತ. ಪುಟ್ಟಿ ತನ್ನ ತಟ್ಟೆ ಎತ್ತಿಕೊಂಡು ಅಡುಗೆಮನೆಯ ನೆಲಕ್ಕೆ ಹೋದಳು.

“ಯಾಕೇ?” ಎಂದು ಸೊಸೆ ಹಿಂದೆಯೇ ಬಂದು ಕೇಳಿದಳು.

“ತಾತ ಊಟ ಮಾಡ್ತಿದಾರೆ. ಅವರು ಎದ್ಮೇಲೆ ಬರ್ತೀನಿ.”

ದಿನ ಕಳೆದಂತೆ ಅದು ಮನೆಯ ಕ್ರಮವೇ ಆಯಿತು. ಪುಟ್ಟಿ ಅಪ್ಪನಿಗೆ ಸ್ಲೇಟು ಕೊಟ್ಟು, ತನ್ನ ಹತ್ತಿರ ಹೇಳುವುದೇನಿದ್ದರೂ ಬರೆದು ಹೇಳು ಎಂದಳು. ಲಿಫ್ಟಿನ ಗುಂಡಿಯೊಳಗೆ ಇಳಿದು ಮಗ “ಮೇಲಕ್ಕೆ ಎಳೀರಿ” ಎಂದು ಕೂಗಿದರೆ, ಐದು ಮಹಡಿಗಳ ಬಾಗಿಲು ತೆರೆದು ಜನ ಇಣುಕುತ್ತಿದ್ದರು. ಮನೆಯ ಎದುರಿನ ಕ್ಷೌರದಂಗಡಿಯವನು ಸೊಸೆಯನ್ನು ತಡೆದು ನಿಲ್ಲಿಸಿದ.

“ಹಾಡೋದು ನಮ್ಮ ರೇಡಿಯೋದಲ್ಲಿ, ಬೈಯೋದು ನಿಮ್ಮ ಮಹಡಿಯಲ್ಲಿ. ಸತ್ತ ಮೇಲೂ ದೊರೆಗೆ ಬಿಡುವೇ ಇಲ್ಲ ನೋಡಮ್ಮ,” ಎಂದ. ಆಮೇಲೆ ನಗು ನಿಲ್ಲಿಸಿ, “ನಿಜ ಹೇಳ್ತೀನಿ, ನಿನ್ನೆ ಅವರು ಕೆಮ್ಮಿದ್ದು ಕೇಳಿಸ್ತು. ಕತ್ತಿ ಕೆಳಗಿಟ್ಬಿಟ್ಟೆ. ಗಿರಾಕಿ ಕುತ್ತಿಗೆ ನನ್ನ ಕೈಯಲ್ಲಿತ್ತು,” ಎಂದ.

ಒಂದು ಭಾನುವಾರ ಮಧ್ಯಾಹ್ನ ಬಟ್ಟೆ ಮಡಿಸುತ್ತಿದ್ದ ಸೊಸೆ ಗಂಡನನ್ನು ಹತ್ತಿರ ಕೂರಿಸಿಕೊಂಡಳು.

“ನನ್ನ ಹತ್ರ ಆದ್ರೂ ನಿಮ್ಮ ದನೀಲಿ ಮಾತಾಡಿ. ಒಂದೇ ಒಂದು ಮಾತು.”

ಅವನು ಬಾಯಿ ತೆರೆದ. ಏನೂ ಬರಲಿಲ್ಲ. ಗಂಟಲು ಸರಿಪಡಿಸಿಕೊಂಡು ಮತ್ತೆ ತೆರೆದ. “ಏನು ಮಾತಾಡಲಿ?” ಎಂಬುದು ದೊರೆಯಾಗಿಯೇ ಬಂತು. ಅವನಿಗೇ ಗಾಬರಿಯಾಯಿತು. ಮತ್ತೊಮ್ಮೆ ಪ್ರಯತ್ನಿಸಿದ. ಅದೂ ಹಾಗೇ.

“ಹಳೇದು ಹೇಗಿತ್ತು? ಸ್ವಲ್ಪ ಹೇಳು,” ಎಂದು ಸತ್ತ ಮಾವನ ದನಿಯಲ್ಲಿ ಗಂಡ ಕೇಳಿದ. ಮಡಿಸಿದ ಬಟ್ಟೆಯನ್ನು ಅವಳು ಮತ್ತೆ ಬಿಚ್ಚಿ ಮಡಿಸಿದಳು.

“ಬಿಟ್ಟುಬಿಡಿ ಇದನ್ನ. ನಾಳೆಯಿಂದ ಹೋಗಬೇಡಿ.”

“ಒಂದೇ ಶಾಟ್ ಉಳಿದಿದೆ ಕಣೇ. ಕೊನೇ ರೀಲಿದು. ಅದು ಕೂತ್ಬಿಟ್ರೆ ಮುಗೀತು.”

ಆ ಶಾಟು ಕೂರುತ್ತಿರಲಿಲ್ಲ. ಡಬ್ಬಿಂಗಿಗೆಂದು ಒಂದೊಂದು ಶಾಟನ್ನೂ ಬೇರೆ ಮಾಡಿ, ಎರಡು ತುದಿ ಅಂಟಿಸಿ ಬಳೆಯಂತೆ ಮಾಡುತ್ತಾರೆ. ಅದು ಯಂತ್ರದಲ್ಲಿ ಸುತ್ತುತ್ತಲೇ ಇರುತ್ತದೆ. ಮಾತು ತುಟಿಗೆ ಹೊಂದುವವರೆಗೂ ಅದೇ ಮುಖ ಮತ್ತೆ ಮತ್ತೆ ಬರುತ್ತದೆ. ಕೊನೆಯ ರೀಲಿನ ಈ ಶಾಟಿನಲ್ಲಿ ಪರದೆಯ ತುಂಬ ದೊರೆಯ ಮುಖ. ಕಥೆಯಲ್ಲಿ ಅಪ್ಪ ಮಗನನ್ನು ಮನೆಯಿಂದ ಹೊರಗೆ ಹಾಕುವ ಸಂದರ್ಭ. ಕಾಗದದಲ್ಲಿದ್ದ ಮಾತು, “ಹೋಗು. ಮತ್ತೆ ನನ್ನ ಮುಂದೆ ನಿಲ್ಲಬೇಡ.” ಹೇಳಿ ನೋಡಿದರೆ ತುಟಿ ಮೂರು ಸಲ ಮುಚ್ಚಬೇಕು. ಪರದೆಯ ಮೇಲೆ ಮುಚ್ಚುವುದು ಒಂದೇ ಸಲ, ಅದೂ ಕೊನೆಯಲ್ಲಿ. ಸೆಟ್ಟಿನ ದನಿಯಲ್ಲಿ ಜನರೇಟರಿನ ಮೊರೆತ ಬಿಟ್ಟರೆ ಬೇರೇನಿಲ್ಲ. ದೊರೆ ಆ ಹೊತ್ತಿಗೆ ತೋಚಿದ ಬೇರೆ ಮಾತು ಹೇಳಿದ್ದಾನೆ ಎಂದು ಎಲ್ಲರಿಗೂ ಗೊತ್ತಾಯಿತು. ಏನು ಹೇಳಿದ್ದಾನೆ ಎಂದು ಯಾರಿಗೂ ಗೊತ್ತಾಗಲಿಲ್ಲ. ನಿರ್ದೇಶಕ ದಿನಕ್ಕೊಂದು ಹೊಸ ಮಾತು ಬರೆದು ತರುತ್ತಿದ್ದ. ಮಗ ಅಪ್ಪನ ಮುಖವನ್ನೇ ನೋಡುತ್ತಾ ಅವನ್ನೆಲ್ಲ ಹೇಳಿ ಹೇಳಿ ಗಂಟಲು ಕೆರೆದುಕೊಂಡು ಮನೆಗೆ ಬರುತ್ತಿದ್ದ.

ಅಂಥದೊಂದು ಸಂಜೆ ಸೊಸೆಯ ತಾಳ್ಮೆ ತಪ್ಪಿತು. ಅಜ್ಜಿ ಒಲೆಯ ಮುಂದೆ ಬೆನ್ನು ತಿರುಗಿಸಿ ನಿಂತು ಅನ್ನ ಬಸಿಯುತ್ತಿದ್ದಳು.

“ಅತ್ತೆ, ಅವರನ್ನ ತಡೀರಿ. ನೀವು ಹೇಳಿದ್ರೆ ಮಾತ್ರ ಕೇಳೋದು.”

ಉತ್ತರವಿಲ್ಲ.

“ಮಾವ ಹೋದ್ರು. ಇರೋ ಮಗನೂ ಬೇಡ್ವಾ ನಿಮಗೆ?”

ಉತ್ತರವಿಲ್ಲ.

“ನನ್ನ ಗಂಡ ನನಗೆ ಬೇಕು ಅತ್ತೆ!”

ಅಜ್ಜಿ ಗಂಜಿ ಸೋರಿಸಿ, ಪಾತ್ರೆಯ ಅಂಚು ಒರೆಸಿದಳು. ಸೊಸೆಗೆ ಮೈಯೆಲ್ಲ ಉರಿಯಿತು. ಕಪಾಟಿನ ಮೇಲಿದ್ದ ಸ್ಟೀಲ್ ತಟ್ಟೆಗಳಿಗೆ ಅವಳ ಮೊಣಕೈ ತಗುಲಿ, ಆರೂ ತಟ್ಟೆಗಳು ನೆಲಕ್ಕೆ ಬಿದ್ದು ಉರುಳಿದವು. ಒಳಕೋಣೆಯಿಂದ ಪುಟ್ಟಿ ಚೀರಿದಳು. ಎದುರಿನ ಕ್ಷೌರದವನು “ಏನಾಯ್ತಮ್ಮಾ?” ಎಂದು ಬೀದಿಯಿಂದಲೇ ಕೂಗಿದ.

ಅಜ್ಜಿ ಒಲೆ ಆರಿಸಿದಳು. ತಿರುಗಿದಳು. ನೆಲದ ಮೇಲಿನ ತಟ್ಟೆಗಳನ್ನು ಕಂಡು, “ಅಯ್ಯೋ, ಯಾವಾಗ ಬಿತ್ತೇ ಇದು?” ಎಂದಳು.

ಸೊಸೆಯ ಸಿಟ್ಟೆಲ್ಲ ಅಲ್ಲೇ ಇಳಿಯಿತು. ಅವಳ ನೌಕರಿ ಆಸ್ಪತ್ರೆಯಲ್ಲಿ. ಜನರ ಕಿವಿ ಎಷ್ಟು ಕೇಳುತ್ತದೆ ಎಂದು ಯಂತ್ರದಿಂದ ಅಳೆಯುವುದು. ಏನೂ ಮಾತಾಡದೆ ಅತ್ತೆಯ ಹಿಂದೆ ಹೋಗಿ, ಬಲಗಿವಿಯ ಹತ್ತಿರ ಚಿಟಿಕೆ ಹೊಡೆದಳು. ಎಡಗಿವಿಯ ಹತ್ತಿರ ಹೊಡೆದಳು. ಜೋರಾಗಿ ಚಪ್ಪಾಳೆ ತಟ್ಟಿದಳು. ಅಜ್ಜಿ ಬಗ್ಗಿ ತಟ್ಟೆ ಆಯುತ್ತಲೇ ಇದ್ದಳು.

ಮರುದಿನ ಆಸ್ಪತ್ರೆಯ ಪುಟ್ಟ ಗಾಜಿನ ಕೋಣೆಯಲ್ಲಿ ಅಜ್ಜಿಯ ತಲೆಗೆ ಹೆಡ್‌ಫೋನ್ ಏರಿತು. ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಬೇಕು. ಗಾಜಿನ ಈಚೆ ಸೊಸೆ ಸದ್ದು ಹೆಚ್ಚಿಸುತ್ತಾ ಹೋದಳು. ಅಜ್ಜಿ ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಶಾಲೆಯ ಹುಡುಗಿಯಂತೆ ಕಾಯುತ್ತಿದ್ದಳು. ಬೆರಳು ಒತ್ತಿದ್ದು ತೀರ ಕೊನೆಯಲ್ಲಿ. ಪಕ್ಕದಲ್ಲಿ ಲಾರಿ ಹಾದುಹೋದರೆ ಕಾಲಿಗೆ ಗೊತ್ತಾಗಬೇಕು, ಕಿವಿಗೆ ಗೊತ್ತಾಗುವುದಿಲ್ಲ, ಅಷ್ಟು ಕೆಟ್ಟಿತ್ತು.

ಸೊಸೆ ಒಳಗೆ ಹೋಗಿ ಎದುರಿಗೆ ಕೂತಳು.

“ಎಷ್ಟು ವರ್ಷದಿಂದ ಅತ್ತೆ?”

“ಸರಿಯಾಗಿ ಹೇಳೋದು ಹೇಗೆ? ಒಂದೇ ದಿನ ಹೋಗಿದ್ದಲ್ಲ. ನೀನು ಮನೆಗೆ ಬರೋ ಹೊತ್ತಿಗೇ ಅರ್ಧ ಹೋಗಿತ್ತು. ಪುಟ್ಟಿ ಅತ್ತಿದ್ದು ನಾನು ಕೇಳೇ ಇಲ್ಲ, ನೋಡಿದೀನಿ ಅಷ್ಟೆ.”

“ನಾನು ದಿನಾ ಇದೇ ಕೆಲಸ ಮಾಡೋಳು. ನನಗೇ ಗೊತ್ತಾಗಲಿಲ್ಲ. ಯಾಕೆ ಹೇಳ್ಲಿಲ್ಲ?”

“ದೊರೆ ಹೆಂಡತಿಗೆ ಕಿವಿ ಕೇಳಲ್ಲ ಅಂತ ಪೇಪರಲ್ಲಿ ಬರಲಿ ಅಂತಲಾ? ಹೊಸ ಹಾಡು ಹಾಡಿ ಬಂದಾಗೆಲ್ಲ ಹೇಗಿದೆ ಅಂತ ಕೇಳೋರು. ಚೆನ್ನಾಗಿದೆ ಅಂತಿದ್ದೆ. ಯಾವತ್ತು ತಾನೇ ಚೆನ್ನಾಗಿರಲಿಲ್ಲ?”

“ಮಾವನಿಗೆ ಗೊತ್ತಿತ್ತಾ?”

“ನಾನು ಹೇಳಲಿಲ್ಲ, ಅವರು ಕೇಳಲಿಲ್ಲ. ಆದ್ರೆ ನನ್ನ ಹತ್ರ ಮಾತಾಡೋವಾಗ ಯಾವಾಗಲೂ ಬೆಳಕಿಗೆ ಮುಖ ಮಾಡೋರು. ಅವರ ಬಾಯಿ ನೋಡಿದ್ರೆ ಸಾಕು, ಅಕ್ಷರ ಅಕ್ಷರ ಓದ್ತಿದ್ದೆ. ಈ ಮಗರಾಯನ ಬಾಯಿ ತೆರೆದ್ರೆ ತಾನೇ ಓದೋದು!”

ಸೊಸೆ ತಡೆದು ತಡೆದು ಕೇಳಿದಳು. “ಅವರ ಹಾಗೆ ಮಾತಾಡು ಅಂತ ನೀವು ಹೇಳ್ತಿದ್ದದ್ದು...”

“ಮತ್ತಿನ್ನೇನು? ದನಿ ತಗೊಂಡು ನಾನೇನು ಮಾಡಲಿ?”

ಆಸ್ಪತ್ರೆಯ ಮೆಟ್ಟಿಲ ಹತ್ತಿರ ಸೊಸೆ ನಿಂತುಬಿಟ್ಟಳು. ಅತ್ತೆಯ ತೋಳು ಹಿಡಿದು ತನ್ನ ಕಡೆ ತಿರುಗಿಸಿಕೊಂಡು, ಬಾಯಿ ಚೆನ್ನಾಗಿ ತೆರೆದು ಹೇಳಿದಳು.

“ಅತ್ತೆ, ಇವತ್ತು ಮಧ್ಯಾಹ್ನ ನನ್ನ ಜೊತೆ ಡಬ್ಬಿಂಗ್ ಕೋಣೆಗೆ ಬರ್ತೀರಾ? ಒಂದು ಶಾಟ್ ಇದೆ. ಮಾವ ಏನು ಹೇಳಿದಾರೆ ಅಂತ ಯಾರಿಗೂ ಗೊತ್ತಾಗ್ತಿಲ್ಲ. ಅದು ಮುಗಿದ್ರೆ ನಮ್ಮ ಮನೆ ನಮಗೆ ಸಿಗುತ್ತೆ.”

ಕೋಣೆಯ ಗೋಡೆಗಳಿಗೆಲ್ಲ ದಪ್ಪ ಬಟ್ಟೆ ಹೊಡೆದಿತ್ತು. ಸಿಗರೇಟಿನ ಹಳೆಯ ವಾಸನೆ. ಮಗ ಮೈಕಿನ ಮುಂದೆ ನಿಂತಿದ್ದವನು ಅಮ್ಮನನ್ನು ಕಂಡು ಮೈಕು ಬಿಟ್ಟು ಬಂದ. ನಿರ್ದೇಶಕ ಕುರ್ಚಿ ತರಿಸಿ ಹಾಕಿಸಿದ.

“ಅಮ್ಮಾ, ಇದು ಅವರ ಇಡೀ ಬದುಕಲ್ಲೇ ಒಳ್ಳೇ ಶಾಟು. ಸೆಟ್ಟಿನಲ್ಲಿ ಎಲ್ಲರಿಗೂ ಕಣ್ಣೀರು. ಮೊದಲು ಚಪ್ಪಾಳೆ ತಟ್ಟಿದ್ದೇ ನಾನು,” ಎಂದ. ಸೊಸೆ ಅದನ್ನು ಅತ್ತೆಗೆ ಎದುರು ನಿಂತು ತಿರುಗಿ ಹೇಳಿದಳು.

ದೀಪ ಆರಿತು. ಪರದೆಯ ಮೇಲೆ ಗೋಡೆಯಷ್ಟು ದೊಡ್ಡ ಮುಖ ಬಂತು. ಹಣೆಯಲ್ಲಿ ಬೆವರು. ಕಣ್ಣು ಕ್ಯಾಮರಾದ ಪಕ್ಕಕ್ಕೆ ಯಾರನ್ನೋ ಹುಡುಕುತ್ತಿತ್ತು. ಬಾಯಿ ತೆರೆಯಿತು, ಅಕ್ಷರ ಅಕ್ಷರವಾಗಿ ಏನೋ ಹೇಳಿತು, ಕೊನೆಗೊಮ್ಮೆ ತುಟಿ ಮುಚ್ಚಿ ತೆರೆಯಿತು. ಮುಖ ಹೋಯಿತು. ಮತ್ತೆ ಅದೇ ಮುಖ ಬಂತು.

ಅಜ್ಜಿ ಕದಲದೆ ನೋಡಿದಳು. ಎರಡನೆಯ ಸುತ್ತಿಗೆ ಅವಳ ಕೈ ಕುರ್ಚಿಯ ತೋಳನ್ನು ಹಿಡಿಯಿತು. ಮೂರನೆಯ ಸುತ್ತಿಗೆ ಎದ್ದು ನಿಂತಳು. ಮಗ ಅವಳ ಭುಜ ಹಿಡಿಯಲು ಹೋದ. ಅವಳು ಪರದೆಯ ಹತ್ತಿರಕ್ಕೆ ನಡೆದಳು. ಮುಖ ಮತ್ತೆ ಬಂದಾಗ, ಆ ಬಾಯಿ ತೆರೆದ ಕ್ಷಣಕ್ಕೆ ಸರಿಯಾಗಿ ತಾನೂ ಬಾಯಿ ತೆರೆದಳು.

“ಲೈಟು ತೆಗೀರಯ್ಯ... ಎದೆ ಹಿಡ್ಕೊಳ್ತಿದೆ... ಯಾರಾದ್ರೂ ಕೂರಿಸ್ರಪ್ಪಾ...”

ಅವಳ ಸಣ್ಣ ದನಿ ಆ ದೊಡ್ಡ ಬಾಯಿಗೆ ಎಲ್ಲಿಯೂ ತಪ್ಪದೆ ಕೂತಿತು. ಆರಂಭ, ಉಸಿರು, ಕೊನೆಯಲ್ಲಿ ಮುಚ್ಚಿದ ತುಟಿ, ಎಲ್ಲವೂ. ಮುಖ ಹೋಗಿ ಮತ್ತೆ ಬಂತು. ಅವಳು ಮತ್ತೆ ಹೇಳಿದಳು. ಯಂತ್ರ ನಿಲ್ಲಿಸುವುದು ಯಾರಿಗೂ ಹೊಳೆಯಲಿಲ್ಲ. ಕೊನೆಗೆ ಮಗ ಓಡಿಹೋಗಿ ಯಂತ್ರದ ಕೋಣೆಯ ಕಿಟಕಿಯ ಗಾಜು ಬಡಿದ. “ನಿಲ್ಸಿ! ನಿಲ್ಸ್ರೋ!” ಎಂದು ಕೂಗಿದ. ಅದು ದೊರೆಯ ದನಿಯಾಗಿರಲಿಲ್ಲ. ಒಡೆದು ಹೋದ, ಅರ್ಧ ಗಂಟಲಲ್ಲೇ ಉಳಿದ ದನಿ. ಸೊಸೆ ಅದನ್ನು ಗುರುತಿಸಿದಳು.

ದೀಪ ಹೊತ್ತಿತು. ನಿರ್ದೇಶಕ ನೆಲ ನೋಡುತ್ತಾ ಕೂತಿದ್ದ.

“ಆಮೇಲೆ ಅಪ್ಪ ಏನೂ ಹೇಳ್ಲಿಲ್ವಾ?” ಎಂದು ಮಗ ಕೇಳಿದ.

“ಚಪ್ಪಾಳೆ ಶುರುವಾಯ್ತು. ಒಂದು ನಿಮಿಷ ನಮ್ಮನ್ನೆಲ್ಲ ನೋಡಿದ್ರು. ಆಮೇಲೆ ನಕ್ಕು, ಇನ್ನೊಂದು ಟೇಕ್ ಬೇಕಾ ಅಂದ್ರು.” ನಿರ್ದೇಶಕ ಮುಖ ಒತ್ತಿಕೊಂಡ. “ನಾವು ನಟನೆ ಅಂದ್ಕೊಂಡ್ವಿ ಕಣಪ್ಪ.”

ಸೊಸೆ ಅದನ್ನೂ ತಿರುಗಿ ಹೇಳಿದಳು. ಅಜ್ಜಿ ತಲೆಯಾಡಿಸಿದಳು. “ಚಪ್ಪಾಳೆ ಬಿದ್ಮೇಲೆ ನಿಜ ಹೇಳೋ ಮನುಷ್ಯ ಅಲ್ಲ ಅವರು. ಆವತ್ತು ಮನೆಗೆ ಬಂದು, ಮುಖ ತೊಳೆದು ಒರೆಸ್ಕೊಳ್ತಾ ನನಗೆ ಏನೋ ಅಂದ್ರು. ಬಾಯಿಗೆ ಟವೆಲ್ ಅಡ್ಡ ಇತ್ತು. ಹೂಂ ಅಂದೆ.”

ಸೊಸೆ ಅತ್ತೆಯ ಕೈ ಹಿಡಿದುಕೊಂಡಳು. ಅಜ್ಜಿ ಪರದೆಯ ಕಡೆ ಬೆರಳು ತೋರಿಸಿ ಹೇಳಿದಳು.

“ಇದನ್ನ ತೆಗೆದುಹಾಕಿ.”

ನಿರ್ದೇಶಕ ತಲೆ ಎತ್ತಿದ. ಈಗ ಅವನೂ ಅವಳ ಎದುರಿಗೆ ಬಂದು ಬಾಯಿ ಪೂರ್ತಿ ತೆರೆದು ಮಾತಾಡಿದ. “ಅಮ್ಮಾ, ಮಾತು ಹಾಕೋದು ಬೇಡ. ಬರೀ ಸಂಗೀತ ಇಡ್ತೀನಿ. ಈ ಮುಖ ನೋಡಿದ್ರೆ ಜನ ಅಳ್ತಾರೆ.”

“ಅದಕ್ಕೇ ತೆಗೀರಿ.”

“ಈ ಶಾಟ್ ಇಲ್ದಿದ್ರೆ ಕೊನೇ ದೃಶ್ಯಕ್ಕೆ ಅರ್ಥವೇ ಇರಲ್ಲ.”

“ಇಲ್ದೇ ಹೋಗಲಿ. ಅವರು ಕೂರಿಸಿ ಅಂದಾಗ ಒಂದು ಸಲ ಚಪ್ಪಾಳೆ ತಟ್ಟಿದ್ದು ಸಾಕು. ಇನ್ನು ಊರೂರಲ್ಲಿ, ದಿನಕ್ಕೆ ನಾಲ್ಕು ಸಲ ತಟ್ಟಿಸ್ತೀರಾ?”

ನಿರ್ದೇಶಕ ಮಗನ ಮುಖ ನೋಡಿದ. ಮಗ ಕೊರಳಿಗೆ ಹಾಕಿಕೊಂಡಿದ್ದ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟು, ಕಾಲರಿನೊಳಗೇ ಹೇಳಿದ. “ನಂದು ಮುಗೀತು ಸರ್.”

ಕತ್ತರಿಸಲು ಏನೂ ಇರಲಿಲ್ಲ. ಶಾಟು ಆಗಲೇ ರೀಲಿನಿಂದ ಬೇರೆಯಾಗಿತ್ತು. ಹಿಂದಕ್ಕೆ ಅಂಟಿಸದಿದ್ದರೆ ಆಯಿತು. ಸಂಕಲನಕಾರ ಒಳಗಿನಿಂದ ಬಳೆಯನ್ನು ತಂದು, ಅಂಟು ಬಿಡಿಸಿ, ಅಳತೆಯ ಹಲ್ಲುಚಕ್ರಕ್ಕೆ ಅದರ ಒಂದು ತುದಿ ಕೊಟ್ಟು ನಿಧಾನವಾಗಿ ತಿರುಗಿಸಿದ. ಅಜ್ಜಿ ಪಕ್ಕದಲ್ಲೇ ನಿಂತು, ಚೌಕ ಚೌಕವಾಗಿ ಹಾದುಹೋಗುವ ಪುಟ್ಟ ಮುಖಗಳನ್ನು ಕೊನೆಯವರೆಗೂ ನೋಡಿದಳು. ಚಕ್ರ ನಿಂತಾಗ, ಸಿನಿಮಾದಿಂದ ಹೊರಗುಳಿದ ತುಂಡಿನ ಉದ್ದ ಹದಿನಾರೂವರೆ ಅಡಿ.